ಕುದಿಯಲು ಬಿಡದ ಮುಚ್ಚಳ

ಡೀಸೆಲ್ ಕಾರೊಂದರ ಬಾನೆಟ್ ಎತ್ತಿ ನೋಡಿ. ರೇಡಿಯೇಟರಿನ ಇಲ್ಲವೆ ಅದರ ಪಕ್ಕದ ಪ್ಲಾಸ್ಟಿಕ್ ತೊಟ್ಟಿಯ ಮುಚ್ಚಳದ ಮೇಲೆ 0.9, 1.1 ಅಥವಾ 1.4 ಎಂಬಂಥ ಸಂಖ್ಯೆಯೊಂದು ಕಾಣಬಹುದು. ಹೊರಗಿನ ವಾಯು ಒತ್ತಡಕ್ಕಿಂತ ಎಷ್ಟು ಬಾರ್ ಹೆಚ್ಚಿನ ಒತ್ತಡವನ್ನು ಆ ಮುಚ್ಚಳ ತಡೆದು ಹಿಡಿಯುತ್ತದೆ ಎಂಬುದನ್ನು ಆ ಸಂಖ್ಯೆ ತಿಳಿಸುತ್ತದೆ. ಬಿಸಿಯಿದ್ದಾಗ ತೆರೆಯಬೇಡಿ ಎಂಬ ಎಚ್ಚರಿಕೆಯೂ ಅಲ್ಲೇ ಇರುತ್ತದೆ. ನೀರನ್ನು ತಂಪುಗೊಳಿಸುವ ಏರ್ಪಾಡಿನಲ್ಲಿ ಒತ್ತಡಕ್ಕೇನು ಕೆಲಸ? ನೀರು ಕಡಿಮೆಯಾದಾಗ ಆ ಒತ್ತಡವೇ ದೋಷದ ಸುಳಿವು ಕೊಡುವುದು ಹೇಗೆ? ಉತ್ತರಕ್ಕಾಗಿ ಸ್ವಲ್ಪ ಹಿಂದಕ್ಕೆ ಹೋಗೋಣ.

ನೀರು ಆರಿಹೋಗುವುದೇ ಕ್ರಮವಾಗಿದ್ದಾಗ

1679ರಲ್ಲಿ ಡೆನಿಸ್ ಪಾಪಿನ್ ಎಂಬ ಫ್ರೆಂಚ್ ವಿಜ್ಞಾನಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಬಿಗಿಮುಚ್ಚಳದ ಪಾತ್ರೆಯೊಂದನ್ನು ಪ್ರದರ್ಶಿಸಿದ. ಆವಿ ಹೊರಹೋಗದಂತೆ ತಡೆದರೆ ಒತ್ತಡ ಏರುತ್ತದೆ. ಒತ್ತಡ ಏರಿದರೆ ನೀರಿನ ಕುದಿಬಿಂದುವೂ ಏರುತ್ತದೆ. ಮಿತಿ ಮೀರಿದ ಆವಿಯನ್ನು ಹೊರಬಿಡಲು ಅವನು ತೂಕದ ಕವಾಟವನ್ನೂ ಅಳವಡಿಸಿದ್ದ. ನಿಮ್ಮ ಅಡುಗೆಮನೆಯ ಕುಕ್ಕರು ಇದೇ ವಂಶದ್ದು. ಆದರೆ ಈ ತತ್ತ್ವ ವಾಹನಗಳನ್ನು ತಲುಪಲು ಎರಡೂವರೆ ಶತಮಾನ ಬೇಕಾಯಿತು.

ಕಾರ್ಲ್ ಬೆಂಜ್‌ನ ಮೊದಲ ಮೋಟಾರು ಗಾಡಿಯಲ್ಲಿ (1886) ಸಿಲಿಂಡರಿನ ಸುತ್ತ ಇದ್ದ ನೀರು ಕುದಿದು ಆವಿಯಾಗಿ ಹೋಗುತ್ತಿತ್ತು. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2,260 ಜೂಲ್ ಶಾಖ ಬೇಕಾದ್ದರಿಂದ ಉಪಾಯವೇನೋ ಚೆನ್ನಾಗಿತ್ತು. ತೊಂದರೆಯೆಂದರೆ, ಮತ್ತೆ ಮತ್ತೆ ನೀರು ತುಂಬಬೇಕಿತ್ತು. 1888ರಲ್ಲಿ ಬರ್ತಾ ಬೆಂಜ್ ಮ್ಯಾನ್‌ಹೈಮ್‌ನಿಂದ ಫೋರ್ಜ್‌ಹೈಮ್‌ವರೆಗೆ ನೂರು ಕಿಲೋಮೀಟರು ಮೀರಿದ ತನ್ನ ಪ್ರಸಿದ್ಧ ಪ್ರಯಾಣದಲ್ಲಿ ದಾರಿಯುದ್ದಕ್ಕೂ ನೀರು ಹುಡುಕಬೇಕಾಯಿತು. ಆಗ ನೀರು ಕಡಿಮೆಯಾಗುವುದು ದೋಷವಾಗಿರಲಿಲ್ಲ, ಎಂಜಿನ್ ಕೆಲಸ ಮಾಡುವ ಕ್ರಮವೇ ಅದಾಗಿತ್ತು.

ರುಡಾಲ್ಫ್ ಡೀಸೆಲ್‌ನದು ಇನ್ನೊಂದು ಕನಸು. ಶಾಖವನ್ನೆಲ್ಲ ಕೆಲಸಕ್ಕೆ ತಿರುಗಿಸಿದರೆ ಎಂಜಿನನ್ನು ತಂಪುಗೊಳಿಸುವ ಅಗತ್ಯವೇ ಇರದು ಎಂದು ಅವನು ನಂಬಿದ್ದ. 1893ರ ಅವನ ಮೊದಲ ಪ್ರಾಯೋಗಿಕ ಎಂಜಿನಿನ ಸಿಲಿಂಡರಿಗೆ ನೀರಿನ ಹೊದಿಕೆ ಇರಲಿಲ್ಲ. ಪ್ರಯೋಗಗಳು ಆ ನಂಬಿಕೆಯನ್ನು ಅಳಿಸಿದವು. 1897ರಲ್ಲಿ ಪ್ರೊಫೆಸರ್ ಶ್ರೋಟರ್ ಪರೀಕ್ಷಿಸಿದ ಎಂಜಿನಿನ ದಕ್ಷತೆ ಸುಮಾರು ಶೇ. 26. ಆ ಕಾಲಕ್ಕೆ ಅದು ಅಸಾಧಾರಣ. ಆದರೂ ಇಂಧನದ ಮುಕ್ಕಾಲು ಪಾಲು ಶಾಖ ಹೊಗೆಯೊಡನೆ ಮತ್ತು ತಂಪುನೀರಿನೊಡನೆ ಹೊರಹೋಗಲೇಬೇಕಿತ್ತು.

ಮುಚ್ಚಿದ ವ್ಯೂಹ

1900ರ ಕೊನೆಗೆ ವಿಲ್ಹೆಲ್ಮ್ ಮೈಬಾಕ್ ಮರ್ಸಿಡಿಸ್ ಕಾರಿಗಾಗಿ ಜೇನುಗೂಡು ರೇಡಿಯೇಟರನ್ನು ರೂಪಿಸಿದ. ಅದರಲ್ಲಿ 6 ಮಿ.ಮೀ. ಚೌಕದ 8,070 ಕೊಳವೆಗಳಿದ್ದವು. ಗಾಳಿಗೆ ಒಡ್ಡಿದ ಮೇಲ್ಮೈ ಹೆಚ್ಚಿದ್ದರಿಂದ ಸುಮಾರು 9 ಲೀಟರು ನೀರೇ ಸಾಕಾಯಿತು. ನೀರು ಸುತ್ತಿ ಸುತ್ತಿ ಬರತೊಡಗಿತು. ಆದರೆ ವ್ಯೂಹ ಇನ್ನೂ ಹೊರಗಾಳಿಗೆ ತೆರೆದೇ ಇತ್ತು. 100° ಸೆ. ಮುಟ್ಟಿದರೆ ಕುದಿತ, ಬೆಟ್ಟದ ಮೇಲಂತೂ ಇನ್ನೂ ಬೇಗ. ಬೆಂಗಳೂರಿನ ಎತ್ತರದಲ್ಲೇ ನೀರು ಸುಮಾರು 97° ಸೆ.ಗೆ ಕುದಿಯುತ್ತದೆ ಎಂಬುದನ್ನು ನೆನಪಿಸಿಕೊಳ್ಳಿ.

ಮುಂದಿನ ಹೆಜ್ಜೆ ಇಟ್ಟದ್ದು ವಿಮಾನ ಎಂಜಿನುಗಳು. ರೋಲ್ಸ್ ರಾಯ್ಸ್ ಮೆರ್ಲಿನ್ ಎಂಜಿನಿನಲ್ಲಿ ಮೊದಲು ಶುದ್ಧ ಎಥಿಲೀನ್ ಗ್ಲೈಕಾಲ್ ಬಳಸಲಾಯಿತು. ಅದರ ಕುದಿಬಿಂದು 197° ಸೆ. ಆದರೆ ಅದು ಬೆಂಕಿ ಹತ್ತುವ ದ್ರವ. ಆಮೇಲೆ ಶೇ. 70 ನೀರು, ಶೇ. 30 ಗ್ಲೈಕಾಲ್ ಮಿಶ್ರಣವನ್ನು ಒತ್ತಡದಲ್ಲಿ ಬಳಸುವ ಪದ್ಧತಿ ಬಂತು. ಎರಡನೆಯ ಮಹಾಯುದ್ಧದ ಆಸುಪಾಸಿನಲ್ಲಿ ಒತ್ತಡದ ಮುಚ್ಚಳ ಕಾರುಗಳಿಗೂ ಬಂತು. 1961ರ ರೆನೋ 4 ಕಾರಿನಲ್ಲಿ ವ್ಯೂಹವನ್ನು ಪೂರ್ತಿ ಮುಚ್ಚಿ, ಹಿಗ್ಗಿದ ದ್ರವಕ್ಕೆಂದು ಬೇರೆ ಸೀಸೆಯನ್ನೇ ಇಡಲಾಯಿತು. ಒಂದು ಬಾರ್ ಹೆಚ್ಚುವರಿ ಒತ್ತಡದಲ್ಲಿ ಶುದ್ಧ ನೀರು ಸುಮಾರು 120° ಸೆ.ವರೆಗೆ ಕುದಿಯದು, ಗ್ಲೈಕಾಲ್ ಸೇರಿದರೆ ಇನ್ನೂ ಮೇಲಕ್ಕೆ.

ಇದರೊಂದಿಗೆ ಅರ್ಥವೇ ಬದಲಾಯಿತು ಎಂಬುದನ್ನು ಗಮನಿಸಿ. ಮುಚ್ಚಿದ ವ್ಯೂಹದಲ್ಲಿ ಶೀತಕ ಖರ್ಚಾಗಬಾರದು. ಪದೇ ಪದೇ ಮಟ್ಟ ಇಳಿಯುತ್ತಿದ್ದರೆ ಅದು ರೋಗಲಕ್ಷಣ. ನೀರು ಸುರಿದು ಮುಂದೆ ಹೋಗುವುದು ಬೆಂಜ್‌ನ ಕಾಲಕ್ಕೆ ಸರಿ, ಇಂದಿನ ಕಾರಿಗೆ ಅಲ್ಲ.

ಒತ್ತಡವೇ ಸಾಕ್ಷಿ

1910ರ ದಶಕದಲ್ಲಿ ರೇಡಿಯೇಟರಿನ ಮುಚ್ಚಳದ ಮೇಲೆಯೇ ಉಷ್ಣತಾಮಾಪಕ ಕೂರಿಸಿ ಎಂಜಿನಿನ ಕ್ಷೇಮ ನೋಡುತ್ತಿದ್ದರು. ಈಗ ಉಷ್ಣತೆಯೊಂದನ್ನೇ ನಂಬಿದರೆ ಅಪಾಯವುಂಟು: ದ್ರವ ಪೂರ್ತಿ ಖಾಲಿಯಾದಾಗ ಸಂವೇದಕ ಬರಿಯ ಗಾಳಿಯಲ್ಲಿದ್ದು, ಎಂಜಿನ್ ಸುಡುತ್ತಿದ್ದರೂ ಮುಳ್ಳು ಮೇಲೇಳದಿರಬಹುದು. ಆದ್ದರಿಂದ ಗ್ಯಾರೇಜಿನಲ್ಲಿ ಒತ್ತಡ ಪರೀಕ್ಷೆ ಮುಖ್ಯ. ತಣ್ಣಗಿರುವ ಎಂಜಿನಿನ ಮುಚ್ಚಳ ತೆಗೆದು, ಆ ಜಾಗಕ್ಕೆ ಮಾಪಕವಿರುವ ಕೈಪಂಪನ್ನು ಜೋಡಿಸಿ, ಮುಚ್ಚಳದ ಮೇಲೆ ಬರೆದಷ್ಟು ಒತ್ತಡ ತುಂಬುತ್ತಾರೆ. ಹತ್ತು ಹದಿನೈದು ನಿಮಿಷ ಮುಳ್ಳು ಅಲುಗದಿದ್ದರೆ ಸೋರಿಕೆಯಿಲ್ಲ ಎನ್ನಬಹುದು. ಇಳಿದರೆ ಹೋಸ್ ಪೈಪು, ನೀರಿನ ಪಂಪು, ರೇಡಿಯೇಟರುಗಳಲ್ಲಿ ತೇವ ಹುಡುಕಬೇಕು. ಹೊರಗೆಲ್ಲೂ ಹನಿ ಕಾಣದೆ ಮುಳ್ಳು ಇಳಿದರೆ ಸೋರಿಕೆ ಒಳಗಿದೆ: ಹೆಡ್ ಗ್ಯಾಸ್ಕೆಟ್, ಹೊಗೆಯನ್ನು ತಂಪುಗೊಳಿಸುವ ಕೂಲರ್, ಇಲ್ಲವೆ ಕಾರಿನೊಳಗಿನ ಹೀಟರು. ಮುಚ್ಚಳವನ್ನೂ ಪರೀಕ್ಷಿಸಬೇಕು, ಅದರ ಸ್ಪ್ರಿಂಗ್ ಸೋತರೆ ಉಳಿದೆಲ್ಲ ಸರಿಯಿದ್ದರೂ ದ್ರವ ಹೊರಚೆಲ್ಲುತ್ತದೆ.

ಇಲ್ಲಿ ಡೀಸೆಲ್ಲಿನ ಸ್ವಭಾವ ಬೇರೆ. 1936ರ ಮರ್ಸಿಡಿಸ್ 260 ಡಿ ಕಾರಿನಿಂದ ಇಂದಿನ ನೇರ ಚಿಮ್ಮುವಿಕೆಯ ಎಂಜಿನುಗಳವರೆಗೆ ಸಿಲಿಂಡರಿನ ಒತ್ತಡ ಏರುತ್ತಲೇ ಬಂದಿದೆ. ಈಗ ದಹನದ ಗರಿಷ್ಠ ಒತ್ತಡ 150 ಬಾರ್ ದಾಟಬಹುದು. ಗ್ಯಾಸ್ಕೆಟಿನ ಆಚೆ ಇರುವುದು ಒಂದೂವರೆ ಬಾರ್ ಅಷ್ಟೆ. ಗ್ಯಾಸ್ಕೆಟ್ ಎಲ್ಲಾದರೂ ಬಿಟ್ಟುಕೊಂಡರೆ ಅನಿಲ ನೀರಿನೊಳಗೆ ನುಗ್ಗುತ್ತದೆ. ತಣ್ಣಗಿದ್ದ ಎಂಜಿನ್ ಚಾಲೂ ಆದ ಒಂದೆರಡು ನಿಮಿಷದಲ್ಲೇ ಹೋಸ್ ಪೈಪು ಗಟ್ಟಿಯಾದರೆ ಅದಕ್ಕೆ ಶಾಖ ಕಾರಣವಲ್ಲ, ಅನಿಲವನ್ನು ಸಂಶಯಿಸಬೇಕು. ರಾತ್ರಿಯೆಲ್ಲ ನಿಂತ ಕಾರಿನಲ್ಲಿ ಬೆಳಿಗ್ಗೆಯೂ ಒತ್ತಡ ಉಳಿದಿದ್ದರೆ ಸಂಶಯ ಇನ್ನೂ ಬಲವಾಗುತ್ತದೆ.

ಇದನ್ನು ಖಚಿತಪಡಿಸುವುದು ರಸಾಯನಶಾಸ್ತ್ರ. ತೊಟ್ಟಿಯ ಮೇಲಿನ ಗಾಳಿಯನ್ನು ಬ್ರೋಮೋಥೈಮಾಲ್ ಬ್ಲೂ ದ್ರಾವಣದ ಮೂಲಕ ಹಾಯಿಸುತ್ತಾರೆ. ಕಾರ್ಬನ್ ಡೈಆಕ್ಸೈಡ್ ಇದ್ದರೆ ಆಮ್ಲೀಯತೆ ಹೆಚ್ಚಿ ನೀಲಿ ಬಣ್ಣ ಹಸಿರಿಗೆ, ಹಳದಿಗೆ ತಿರುಗುತ್ತದೆ. ಅಧ್ಯಾಪಕರು ತರಗತಿಯಲ್ಲಿ ಹೀರುನಳಿಕೆಯಿಂದ ಉಸಿರೂದಿಸಿ ಇದೇ ಬದಲಾವಣೆ ತೋರಿಸಬಹುದು. ಆದರೆ ಡೀಸೆಲ್ ಎಂಜಿನ್ ಹೊರೆಯಿಲ್ಲದೆ ಓಡುವಾಗ ಬಹಳಷ್ಟು ಹೆಚ್ಚುವರಿ ಗಾಳಿ ಒಳಗೆಳೆಯುವುದರಿಂದ ಅದರ ಹೊಗೆಯಲ್ಲಿ ಕಾರ್ಬನ್ ಡೈಆಕ್ಸೈಡ್ ಕಡಿಮೆ. ಹೊರೆ ಕೊಟ್ಟು ಓಡಿಸಿದ ಮೇಲೆ ಪರೀಕ್ಷಿಸದಿದ್ದರೆ ದೋಷವಿದ್ದೂ ಬಣ್ಣ ಬದಲಾಗದೇ ಹೋಗಬಹುದು.

ಕೊನೆಗೊಂದು ಲೆಕ್ಕ. 115° ಸೆ.ನಲ್ಲಿರುವ ಒಂದು ಕಿಲೋಗ್ರಾಂ ನೀರಿನ ಮುಚ್ಚಳವನ್ನು ತಟ್ಟನೆ ತೆರೆದಿರಿ ಎನ್ನೋಣ. 100° ಸೆ.ಗೆ ಇಳಿಯುವಾಗ ಅದು ಸುಮಾರು 63 ಕಿಲೋಜೂಲ್ ಬಿಟ್ಟುಕೊಡುತ್ತದೆ. ಅಷ್ಟರಿಂದ 28 ಗ್ರಾಂ ನೀರು ಆವಿಯಾಗುತ್ತದೆ. ಅದರ ಗಾತ್ರ ಸುಮಾರು 45 ಲೀಟರು! ಈ ಆವಿ ಕುದಿನೀರನ್ನೂ ಸೆಳೆದುಕೊಂಡು ತೆರೆದವರ ಮುಖಕ್ಕೇ ಚಿಮ್ಮುತ್ತದೆ. ಬಿಸಿಯಿದ್ದಾಗ ತೆರೆಯಬೇಡಿ ಎಂಬ ಆ ಪುಟ್ಟ ಬರಹದ ಹಿಂದೆ ಇಷ್ಟು ಭೌತಶಾಸ್ತ್ರವಿದೆ. ಎಂಜಿನ್ ಪೂರ್ತಿ ತಣಿಯುವವರೆಗೆ ಕಾಯಿರಿ, ಪರೀಕ್ಷೆ ಆಮೇಲೆ.