ಮಾಸ್ತರಿಕೆಯ ಸರ್ಟಿಫಿಕೇಟು

ಧಾರವಾಡದ ನಮ್ಮ ಮನೆಯ ಅಟ್ಟದ ಮೇಲೊಂದು ಟ್ರಂಕಿದೆ; ಅದರಲ್ಲಿ ನನ್ನ ಅಜ್ಜನ ಎರಡು ಸರ್ಟಿಫಿಕೇಟುಗಳಿವೆ. ಒಂದು ಮುಲ್ಕಿ ಪರೀಕ್ಷೆಯದು, ಇನ್ನೊಂದು ಟ್ರೇನಿಂಗ್ ಕಾಲೇಜಿನದು. ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಏಳನೆಯ ಇಯತ್ತೆ ಓದಿ ಮುಲ್ಕಿ ಪಾಸಾದವನಿಗೆ ತಲಾಠಿಯ ಕೆಲಸವೂ ಸಿಕ್ಕೀತು, ಮಾಸ್ತರಿಕೆಯೂ ಸಿಕ್ಕೀತು. ಆದರೆ ಟ್ರೇನಿಂಗ್ ಆಗದವನು ಮಾಸ್ತರರಲ್ಲಿ ಕಿರಿಯನೇ. ಅದಕ್ಕಾಗಿ ಅಜ್ಜ ಸಂಸಾರವನ್ನು ಹಳ್ಳಿಯಲ್ಲಿ ಬಿಟ್ಟು ಬಂದು, ಪಾಠದ ಟಾಚಣ ಬರೆದು, ಹಿರಿಯರ ಎದುರಿಗೆ ಮಕ್ಕಳಿಗೆ ಪಾಠ ಹೇಳಿ ತೋರಿಸಿದರು.

ಈ ಕಾಗದಗಳಿಗಿಂತ ಮೊದಲು ಕೂಲಿಮಠದ ಐಗಳಿದ್ದರಷ್ಟೆ. ಮರಳಿನ ಮೇಲೆ ಅಕ್ಷರ ತಿದ್ದಿಸುವರು, ಮಗ್ಗಿ ಬಾಯಿಪಾಠ ಮಾಡಿಸುವರು, ಕಾಳುಕಡಿ ಪಡೆದು ಜೀವಿಸುವರು. ಅವರ ಯೋಗ್ಯತೆಯನ್ನು ಅಳೆಯುತ್ತಿದ್ದವರು ಊರವರೇ. (ಅವರ ಬೆತ್ತವನ್ನು ನೆನೆದರೆ ಆ ಕಾಲ ಮರಳಲೆಂದು ನಾನಂತೂ ಹಾರೈಸಲಾರೆ.) ಮದರಾಸಿನ ಅನಾಥ ಬಾಲಕರ ಶಾಲೆ ನೋಡಿಕೊಳ್ಳುತ್ತಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ ಇಂಥ ಮರಳಿನ ಬರೆಹವನ್ನು ಕಂಡು ತನ್ನ ಶಾಲೆಗೆ ತಂದನು, ಹುಡುಗರಿಂದಲೇ ಹುಡುಗರಿಗೆ ಪಾಠ ಹೇಳಿಸಿದನು. ಅವನ ಪುಸ್ತಕ 1797ರಲ್ಲಿ ಅಚ್ಚಾಯಿತು. ಇಂಗ್ಲೆಂಡಿನಲ್ಲಿ ಅದು 'ಮದರಾಸ್ ಪದ್ಧತಿ'ಯೆಂದೇ ಹೆಸರಾಯಿತು. 1846ರಲ್ಲಿ ಅಲ್ಲಿ ಹೊಸ ಏರ್ಪಾಡು ಬಂದಿತು: ಹದಿಮೂರು ವರ್ಷದ ಹುಡುಗ ಐದು ವರ್ಷ ಮಾಸ್ತರರ ಕೈಕೆಳಗೆ ಪಳಗಬೇಕು, ಮುಂದೆ ಪರೀಕ್ಷೆ, ಟ್ರೇನಿಂಗ್ ಕಾಲೇಜು, ಸರ್ಟಿಫಿಕೇಟು. ಹೀಗೆ ಕಾಗದವಿಲ್ಲದೆ ಇಲ್ಲಿಂದ ಹೋದ ವಿದ್ಯೆಯ ಬೆನ್ನಿಗೇ ಕಾಗದದ ಕಟ್ಟೊಂದು ತಿರುಗಿ ಬಂದಿತೆನ್ನಬೇಕು! 1854ರಲ್ಲಿ ಚಾರ್ಲ್ಸ್ ವುಡ್ಡನು ಕಳಿಸಿದ ಶಿಕ್ಷಣದ ಖಲೀತೆ ಇಲ್ಲಿಯೂ ನಾರ್ಮಲ್ ಶಾಲೆಗಳನ್ನು ತೆರೆಯಬೇಕೆಂದಿತು. ಧಾರವಾಡದ ನಾರ್ಮಲ್ ಶಾಲೆಗೆ ಡೆಪ್ಯುಟಿ ಚೆನ್ನಬಸಪ್ಪನವರು ಮುಖ್ಯರಾದರು. ಮರಾಠಿಯ ಪ್ರಾಬಲ್ಯದ ಆ ದಿನಗಳಲ್ಲಿ ಕನ್ನಡ ಶಾಲೆ ತೆರೆಯಬೇಕಾದರೆ ಮೊದಲು ಕನ್ನಡ ಮಾಸ್ತರರೇ ಬೇಕಾಗಿದ್ದರು. ಆ ಸರ್ಟಿಫಿಕೇಟು ನಮ್ಮ ನುಡಿಗೆ ಮಾಡಿದ ಉಪಕಾರ ಸಣ್ಣದಲ್ಲ.

ಆಗಿನ ಕಾಗದ ಶಾಲೆಯ ಬಾಗಿಲು ತೆರೆಯಿತು. ಈಗಿನದು ಒಳಗಿದ್ದವರನ್ನೂ ಹೊರಗೆ ಕರೆದು ಕೇಳುತ್ತಿದೆ. ಶಿಕ್ಷಣದ ಹಕ್ಕಿನ ಕಾಯಿದೆ ಜಾರಿಗೆ ಬಂದ 2010ರಲ್ಲಿಯೇ ಟಿ.ಇ.ಟಿ. ಎಂಬ ಅರ್ಹತಾ ಪರೀಕ್ಷೆ ಗೊತ್ತಾಯಿತು: ನೂರೈವತ್ತು ಪ್ರಶ್ನೆ, ನೂರೈವತ್ತು ನಿಮಿಷ, ನೂರಕ್ಕೆ ಅರವತ್ತು ಅಂಕ. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟು, ಕಾಯಿದೆಗೆ ಮುಂಚೆ ನೇಮಕವಾಗಿ ಇನ್ನೂ ಐದು ವರ್ಷಕ್ಕಿಂತ ಹೆಚ್ಚು ಸೇವೆ ಉಳಿದವರೂ ಎರಡು ವರ್ಷದೊಳಗೆ ಇದನ್ನು ಪಾಸಾಗಬೇಕೆಂದು ತೀರ್ಪಿತ್ತಿತು. ಇಲ್ಲವಾದರೆ ನೌಕರಿ ಬಿಡಬೇಕು. ಮಕ್ಕಳಿಗೆ ಒಳ್ಳೆಯ ಶಿಕ್ಷಕರು ಬೇಕೆಂಬುದನ್ನು ಯಾರು ಅಲ್ಲಗಳೆದಾರು? ಆದರೂ ಅಜ್ಜನ ಪರೀಕ್ಷಕರು ಅವರು ಕರಿಹಲಗೆಯ ಮುಂದೆ ನಿಂತದ್ದನ್ನು ಕಂಡಿದ್ದರು. ಇಪ್ಪತ್ತೈದು ವರ್ಷ ಪಾಠ ಹೇಳಿದವರ ಕೈಯಲ್ಲಿ ಉತ್ತರದ ಬಿಂದು ತುಂಬಿಸುವ ಈ ಪರೀಕ್ಷೆ ಅದನ್ನು ಕಾಣುವುದೆಂತು?

ನಮ್ಮ ಓಣಿಯ ಅಕ್ಕೋರು ಟಿ.ಸಿ.ಎಚ್. ಮುಗಿಸಿ 1999ರಲ್ಲಿ ನೌಕರಿಗೆ ಸೇರಿದವರು. ಮೊನ್ನೆ ರಾತ್ರಿ ಅವರ ಮನೆಯ ದೀಪ ಬಹಳ ಹೊತ್ತು ಉರಿಯುತ್ತಿತ್ತು. ಮುಂಜಾನೆ ಕೇಳಿದೆ.

"ಓದಾಕತ್ತಿದ್ದೆ ಕಾಕಾ," ಎಂದರು. "ನನ್ನ ಕೈಯಾಗ ಅಕ್ಷರಾ ಕಲಿತ ಹುಡುಗೀನೂ ಇದ ಪರೀಕ್ಷಾಕ್ಕ ಕೂಡ್ತಾಳ. ಇಬ್ಬರಿಗೂ ಒಂದ ಪುಸ್ತಕ."