ಹಕ್ಕೋಡಾ: ರೋಪ್‌ವೇ ಇರುವ ಹಿಮದ ಬೆಟ್ಟ

ಜಪಾನಿನ ಹೊನ್ಶೂ ದ್ವೀಪದ ಉತ್ತರ ತುದಿಯಲ್ಲಿ, ಅಓಮೊರಿ ನಗರದ ದಕ್ಷಿಣಕ್ಕೆ ಹರಡಿರುವ ಜ್ವಾಲಾಮುಖಿ ಶಿಖರಗಳ ಸಮೂಹಕ್ಕೆ ಹಕ್ಕೋಡಾ ಎಂದು ಹೆಸರು. ಇವುಗಳಲ್ಲಿ ಅತಿ ಎತ್ತರದ ಓದಾಕೆ ಕೂಡ 1,585 ಮೀಟರ್ ಮಾತ್ರ. ಆದರೂ ಸ್ಕೀ ಬಲ್ಲವರು ಪೌಡರ್ ಎಂದು ಕರೆಯುವ ಹಗುರವಾದ, ಆಳವಾದ ಹಿಮವನ್ನು ಅರಸಿ ಜನ ದೂರದೂರದ ದೇಶಗಳಿಂದ ಇಲ್ಲಿಗೆ ಬರುತ್ತಾರೆ. ಪ್ರವಾಸದ ಕೈಪಿಡಿಗಳು ಇದನ್ನು ಸ್ಕೀ ರೆಸಾರ್ಟುಗಳ ಸಾಲಿಗೆ ಸೇರಿಸುವುದುಂಟು. ಆ ಹೆಸರು ಇದಕ್ಕೆ ಒಪ್ಪುವುದಿಲ್ಲ. ಇಲ್ಲಿನ ಹಿಮ, ನಿರ್ಜನತೆ, ಅಪಾಯ ಮೂರನ್ನೂ ತರುವುದು ಒಂದೇ ಗಾಳಿ. ಒಂದನ್ನು ಆರಿಸಿಕೊಂಡು ಉಳಿದೆರಡನ್ನು ಬಿಡುವ ಸೌಕರ್ಯ ಪ್ರವಾಸಿಗನಿಗಿಲ್ಲ. ಹಾಗಾಗಿ ಹಕ್ಕೋಡಾವನ್ನು ರೋಪ್‌ವೇ ಇರುವ ಬೆಟ್ಟವೆಂದು ತಿಳಿದು, ಬೆಟ್ಟಕ್ಕೆ ಹೋಗುವವರ ಸಿದ್ಧತೆಯಲ್ಲೇ ಹೋಗಬೇಕು.

ಆ ಗಾಳಿಯ ಮೂಲ ಸೈಬೀರಿಯಾ. ಚಳಿಗಾಲದಲ್ಲಿ ಅಲ್ಲಿ ನೆಲೆಸುವ ಅಧಿಕ ಒತ್ತಡದಿಂದ ಹೊರಟ ಒಣ ಶೀತಮಾರುತ ಜಪಾನ್ ಸಮುದ್ರವನ್ನು ದಾಟುತ್ತದೆ. ತ್ಸುಶಿಮಾ ಪ್ರವಾಹದಿಂದ ಬೆಚ್ಚಗಿರುವ ಆ ನೀರಿನಿಂದ ತೇವ ಹೀರಿಕೊಂಡು, ಬೆಟ್ಟಕ್ಕೆ ಬಡಿದು ಮೇಲೇರಿ ಹಿಮವಾಗಿ ಸುರಿಯುತ್ತದೆ. ಹಕ್ಕೋಡಾದ ಪಶ್ಚಿಮ ಮಗ್ಗುಲಿನ ಸುಕಾಯುವಿನಲ್ಲಿ, ಸುಮಾರು 890 ಮೀಟರ್ ಎತ್ತರದಲ್ಲಿರುವ ಹವಾಮಾನ ಕೇಂದ್ರವು 2013ರ ಫೆಬ್ರವರಿ 26ರಂದು 566 ಸೆಂಟಿಮೀಟರ್ ಹಿಮದ ಆಳವನ್ನು ದಾಖಲಿಸಿತು. ಎರಡಂತಸ್ತಿನ ಮನೆ ಹೆಚ್ಚುಕಡಿಮೆ ಮುಳುಗುವಷ್ಟು ಹಿಮ ಅದು. ಇದೇ ಗಾಳಿ ಮೇಲಿನ ಇಳಿಜಾರಿನ ಫರ್ ಮರಗಳಿಗೆ ಅತಿಶೀತಲ ನೀರಹನಿಗಳನ್ನು ಮೆತ್ತುತ್ತದೆ. ಹನಿ ತಾಕಿದೊಡನೆ ಹೆಪ್ಪುಗಟ್ಟಿ, ಮರವೇ ಕಾಣದಂತಾಗಿ, ಜುಹ್ಯೋ ಎಂಬ ದೈತ್ಯಾಕಾರದ ಬಿಳಿ ಬೊಂಬೆಗಳು ನಿಲ್ಲುತ್ತವೆ. ಗಾಳಿ ಬಲವಾದ ದಿನ ರೋಪ್‌ವೇಯೂ ನಿಲ್ಲುತ್ತದೆ. ಹಿಮ ಚೆನ್ನಾಗಿ ಬೀಳುವ ದಿನಗಳೇ ಹೆಚ್ಚಾಗಿ ಮೇಲೆ ಹೋಗಲಾಗದ ದಿನಗಳು. ಒಂದೇ ದಿನಕ್ಕೆಂದು ಬಂದವರು ಬೆಟ್ಟವನ್ನು ಕಾಣದೆ ಮರಳುವ ಸಂಭವ ಇಲ್ಲಿ ಹೆಚ್ಚು. ಕೈಯಲ್ಲಿ ಕೆಲವು ದಿನಗಳಾದರೂ ಇಟ್ಟುಕೊಂಡು ಬರಬೇಕು.

ಜ್ವಾಲಾಮುಖಿ ಬೆಟ್ಟದ ಈ ಇಳಿಜಾರುಗಳು ಅಷ್ಟೇನೂ ಕಡಿದಾಗಿಲ್ಲ, ಗುನ್ಮಾ ಪ್ರಾಂತ್ಯದ ತನಿಗಾವಾದ ಬಂಡೆಗಳ ಮುಂದೆ ಇವು ಯಾವ ಲೆಕ್ಕ ಎಂದು ಅನುಭವಿಗಳು ಕೇಳಬಹುದು. ಬರಿಯ ಕೋನದ ಮಾತಾದರೆ ಅದು ನಿಜ. ಆದರೆ ಹಿಮದ ಆಳವನ್ನು ಬಿಟ್ಟು ಕೋನವನ್ನಷ್ಟೇ ಅಳೆದರೆ ಪ್ರಯೋಜನವಿಲ್ಲ. ಸೊಂಟದವರೆಗಿನ ಸಡಿಲ ಹಿಮ ಸ್ಕೀಯನ್ನು ಹಿಡಿದು ನಿಲ್ಲಿಸುತ್ತದೆ. ಮಂದ ಇಳಿಜಾರಿನಲ್ಲಿ ಜಾರುವವನು ಸಿಕ್ಕಿಬೀಳುತ್ತಾನೆ. ಸರಾಗವಾಗಿ ಜಾರಬೇಕಾದರೆ ಇಳಿಜಾರು ಹೆಚ್ಚಬೇಕು, ಹೆಚ್ಚಿದಂತೆಲ್ಲ ಅದು ಹಿಮಕುಸಿತಗಳು ಹೆಚ್ಚಾಗಿ ಹುಟ್ಟುವ 30ರಿಂದ 45 ಡಿಗ್ರಿಗಳ ಹತ್ತಿರಕ್ಕೆ ಬರುತ್ತದೆ. ಸ್ಕೀಗೆ ಅತ್ಯಂತ ಹಿತವಾದ ಕೋನವೇ ಹಿಮ ಜಾರುವುದಕ್ಕೂ ಹಿತವಾದದ್ದು. ಮರಗಳ ನಡುವೆ ಕುಸಿತದ ಭಯ ಕಡಿಮೆ ಎಂಬುದು ಒಂದು ಮಟ್ಟಿಗೆ ಸರಿ. ಆದರೆ ಅಲ್ಲಿ ಕೊಂಬೆಗಳಡಿ ಬುಡದ ಸುತ್ತ ಉಳಿಯುವ ಪೊಳ್ಳಿಗೆ ತಲೆಕೆಳಗಾಗಿ ಬಿದ್ದವನು ಒಬ್ಬನೇ ಮೇಲೆ ಬರುವುದು ಬಹಳ ಕಷ್ಟ. ಜೊತೆಗಾರ ಕಣ್ಣಳತೆಯಲ್ಲಿ ಇರಬೇಕೆಂಬ ನಿಯಮ ಹುಟ್ಟಿದ್ದು ಇದಕ್ಕಾಗಿ.

ಹಕ್ಕೋಡಾದ ಹೆಸರು ಜಪಾನೀಯರ ನೆನಪಿನಲ್ಲಿ ಉಳಿದಿರುವುದು ಮೊದಲಿಗೆ 1902ರ ದುರಂತದಿಂದ. ರಷ್ಯಾದೊಡನೆ ಯುದ್ಧವಾಗಬಹುದೆಂಬ ನಿರೀಕ್ಷೆಯಲ್ಲಿ ಹಿಮದ ನಡಿಗೆಯನ್ನು ಅಭ್ಯಾಸ ಮಾಡಲು ಅಓಮೊರಿಯ 5ನೇ ಪದಾತಿ ರೆಜಿಮೆಂಟಿನ 210 ಮಂದಿ ಜನವರಿ 23ರಂದು ಹೊರಟರು. ಸ್ಥಳೀಯ ಮಾರ್ಗದರ್ಶಕರನ್ನು ಕರೆದೊಯ್ಯಲಿಲ್ಲ. ಬಿರುಗಾಳಿಯಲ್ಲಿ ದಾರಿ ತಪ್ಪಿ 199 ಮಂದಿ ಸತ್ತರು. ಅದೇ ವಾರ ಹಿರೊಸಾಕಿಯಿಂದ ಹೊರಟಿದ್ದ 31ನೇ ರೆಜಿಮೆಂಟಿನ ಸಣ್ಣ ತಂಡ ಹಳ್ಳಿಗರ ನೆರವಿನಿಂದ ಬೆಟ್ಟ ದಾಟಿ ಬದುಕಿ ಬಂತು. ಇದನ್ನು ಇಂದಿಗೆ ಅನ್ವಯಿಸುವುದು ಸಲ್ಲದು ಎನ್ನುವವರ ವಾದದಲ್ಲಿ ಹುರುಳಿದೆ. ಆ ಸೈನಿಕರಿಗೆ ಸರಿಯಾದ ಉಡುಪು ಇರಲಿಲ್ಲ. ಆ ದಿನಗಳ ಚಳಿಯೂ ಅಸಾಮಾನ್ಯವಾಗಿತ್ತು, ಜಪಾನಿನ ಇಂದಿಗೂ ಮುರಿಯದ ಅಧಿಕೃತ ದಾಖಲೆಯಾದ ಮೈನಸ್ 41 ಡಿಗ್ರಿ ಅಸಾಹಿಕಾವಾದಲ್ಲಿ ಕಂಡದ್ದು ಅದೇ ಜನವರಿ 25ರಂದು. ಎರಡು ತಂಡಗಳ ಗಾತ್ರ, ಸಿದ್ಧತೆ ಕೂಡ ಬೇರೆಯಾಗಿದ್ದವು. ಇಷ್ಟನ್ನೂ ಒಪ್ಪಿದ ಮೇಲೂ ಮೋಡ ಕವಿದಾಗ ನೆಲವೂ ಆಕಾಶವೂ ಒಂದಾಗುವ ಈ ಬೆಟ್ಟದ ಗುಣ ಮಾತ್ರ ಬದಲಾಗಿಲ್ಲ. ಹಾಗೆಂದು ಮಾರ್ಗದರ್ಶಕರಿದ್ದರೆ ಸಾಕೆನ್ನುವಂತೆಯೂ ಇಲ್ಲ: 2007ರ ಫೆಬ್ರವರಿ 14ರಂದು ಇಲ್ಲಿ ಹಿಮಕುಸಿತಕ್ಕೆ ಸಿಕ್ಕಿ ಇಬ್ಬರು ಸತ್ತದ್ದು ಮಾರ್ಗದರ್ಶಕರೊಡನೆ ಹೊರಟಿದ್ದ ಗುಂಪಿನಲ್ಲೇ. ಸ್ಥಳದ ತಿಳಿವಿನಿಂದ ಅಪಾಯ ತಗ್ಗುತ್ತದೆ, ಇಲ್ಲವಾಗುವುದಿಲ್ಲ. ಹುಡುಕುವ ಬೀಕನ್, ಸಲಿಕೆ, ಶೋಧನೆಯ ಕೋಲುಗಳನ್ನು ಹೊತ್ತು, ಬಳಸಲು ಕಲಿತೇ ಹೋಗಬೇಕಾದ್ದು ಅದಕ್ಕಾಗಿ.

ದೊಡ್ಡ ನಗರದಿಂದ ಬಸ್ಸಿನಲ್ಲಿ ಸುಮಾರು ಒಂದು ಗಂಟೆ ದೂರದಲ್ಲಿರುವ ಸ್ಥಳವನ್ನು ದುರ್ಗಮವೆನ್ನುವುದು ಹೇಗೆ ಎಂಬ ಆಕ್ಷೇಪವೂ ಉಂಟು. 1968ರಲ್ಲಿ ಆರಂಭವಾದ ರೋಪ್‌ವೇ ಸುಮಾರು ಹತ್ತು ನಿಮಿಷದಲ್ಲಿ ಜನರನ್ನು 1,300 ಮೀಟರಿಗೂ ಮೇಲಿನ ಎತ್ತರಕ್ಕೆ ಒಯ್ಯುತ್ತದೆ, ನಿಜ. ಅಲ್ಲಿಂದ ಕೆಳಗೆ ಗುರುತು ನೆಟ್ಟ ದಾರಿಗಳು ಎರಡೇ. ಅವನ್ನು ಬಿಟ್ಟು ಬೇರೆ ಕಣಿವೆಗಿಳಿದರೆ ರಸ್ತೆ ಸಿಗದೆ ಹೋಗಬಹುದು, ಏಕೆಂದರೆ ಸುಕಾಯುವಿನ ಆಚೆಯ ಬೆಟ್ಟದ ರಸ್ತೆಯನ್ನು ಚಳಿಗಾಲವಿಡೀ ಮುಚ್ಚಿರುತ್ತಾರೆ. ದೂರವನ್ನು ನಗರದಿಂದಲ್ಲದೆ ನೆರವಿನಿಂದ ಅಳೆಯಬೇಕಾದ ಜಾಗ ಇದು. ಸುಕಾಯುವಿನ ಹಳೆಯ ಬಿಸಿನೀರಿನ ವಸತಿಗೃಹ ಇಷ್ಟು ಪ್ರಿಯವಾಗಿರುವುದಕ್ಕೂ ಇದೇ ಕಾರಣವಿರಬೇಕು. ಸಾವಿರ ಜನರ ಸ್ನಾನವೆಂದು ಹೆಸರಾದ ಅದರ ಮರದ ಕೊಳದಲ್ಲಿ ಗಂಧಕದ ಆಮ್ಲೀಯ ನೀರು ತುಂಬಿರುತ್ತದೆ. 1954ರಲ್ಲಿ ಜಪಾನ್ ಸರ್ಕಾರ ರಾಷ್ಟ್ರೀಯ ಆರೋಗ್ಯಧಾಮಗಳೆಂದು ಮೊದಲಿಗೆ ಗುರುತಿಸಿದ ಬಿಸಿನೀರ ಬುಗ್ಗೆಗಳಲ್ಲಿ ಇದೂ ಒಂದು. ರೋಪ್‌ವೇ ನಿಂತ ದಿನಗಳನ್ನು ಪ್ರವಾಸಿಗರು ಕಳೆಯುವುದು ಇಂಥಲ್ಲಿ. ಏಪ್ರಿಲ್ ಬಂದಾಗ ಯಂತ್ರಗಳು ಮುಚ್ಚಿದ ರಸ್ತೆಯನ್ನು ಕೊರೆದು ತೆರೆಯುತ್ತವೆ, ಎರಡೂ ಬದಿ ಹಿಮದ ಗೋಡೆಗಳು ನಿಲ್ಲುತ್ತವೆ. ಪೌಡರ್ ಆ ಹೊತ್ತಿಗೆ ಹೋಗಿರುತ್ತದೆ. ಹಿಮ ಗಟ್ಟಿಯಾಗಿ, ಒದ್ದೆಯಾಗಿ, ಮೇ ತಿಂಗಳವರೆಗೂ ಜಾರಲು ಬರುತ್ತದೆ. ಜನವರಿಯಲ್ಲಿ ಮೋಡದೊಳಗೆ ಅಡಗಿದ್ದ ಶಿಖರಗಳೂ ಉತ್ತರದ ಮುತ್ಸು ಕೊಲ್ಲಿಯೂ ನಿಚ್ಚಳವಾಗಿ ಕಾಣಿಸುವುದು ಆಗಲೇ.