ಪುಣೆಯ ಚಿಲ್ಲರೆ ಪೊಟ್ಟಣ: ನಾಣ್ಯ ಹುಡುಕುವ ಹವ್ಯಾಸದ ಬಗ್ಗೆ ಒಂದು ಸಂಶೋಧನಾ ಟಿಪ್ಪಣಿ

ಪುಣೆಯ ಬ್ಯಾಂಕಿನಲ್ಲಿ ನೂರು ರೂಪಾಯಿ ಕೊಟ್ಟು ಒಂದು ರೂಪಾಯಿಯ ನಾಣ್ಯ ಬೇಕೆಂದೆ. ಕ್ಯಾಶಿಯರ್ ಮ್ಯಾಡಮ್ ತಲೆಯೆತ್ತದೆ ಕೇಳಿದರು: 'ನವೀ ಕೀ ಜುನೀ?' ಹೊಸವೋ, ಹಳೆಯವೋ. ಹವ್ಯಾಸಿಗಳು ಈ ಪ್ರಶ್ನೆಗೆ ಅವಸರದಲ್ಲಿ ಒಂದು ಉತ್ತರ ಹೇಳಿ ಪೊಟ್ಟಣ ಪಡೆದು ಹೊರಟುಬಿಡುತ್ತಾರೆ. ಆ ಉತ್ತರವನ್ನು ಪೊಟ್ಟಣದ ಮೇಲೆ ಬರೆದಿಡುವವರನ್ನು ನಾನು ಕಂಡಿಲ್ಲ. ಬರೆದಿಡದಿದ್ದರೆ ಒಳಗೆ ಸಿಕ್ಕ ನಾಣ್ಯ ಎಷ್ಟೇ ಅಪರೂಪದ್ದಾಗಿರಲಿ, ಅದು ಹೇಳಬಹುದಾಗಿದ್ದ ಅರ್ಧ ಸಂಗತಿ ಅಲ್ಲಿಗೇ ಕಳೆದುಹೋಗುತ್ತದೆ. ಈ ಟಿಪ್ಪಣಿಯಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ.

ಅಮೆರಿಕದಲ್ಲಿ ಈ ಹವ್ಯಾಸ ಕಾಗದದ ಸುರುಳಿಯಿಂದ ಬೆಳೆಯಿತು. ಅಲ್ಲಿಯ ಬ್ಯಾಂಕು ಒಂದು ಸೆಂಟಿನ ಐವತ್ತು ನಾಣ್ಯಗಳನ್ನು ಒಂದು ಸುರುಳಿ ಕಟ್ಟಿ ಕೊಡುತ್ತದೆ. 1964ರವರೆಗಿನ ಡೈಮ್, ಕ್ವಾರ್ಟರ್‌ಗಳಲ್ಲಿ ಶೇ. 90 ಬೆಳ್ಳಿ ಇದ್ದುದರಿಂದ ಸುರುಳಿ ಬಿಚ್ಚುವವರಿಗೆ ಲೋಹದ ಆಸೆಯೂ ಇತ್ತು. ಬ್ರಿಟನ್ನಿನಲ್ಲಿ 2009ರ ಕ್ಯೂ ಗಾರ್ಡನ್ಸ್ 50 ಪೆನ್ಸ್ ನಾಣ್ಯವನ್ನು ಟಂಕಿಸಿದ್ದೇ 2,10,000. ಅದಕ್ಕಾಗಿ ಜನ ಇಂದಿಗೂ ಚಿಲ್ಲರೆ ತಡಕುತ್ತಾರೆ. ನಮ್ಮಲ್ಲಿ ಬೆಳ್ಳಿಯ ಆಸೆಗೆ ಆಸ್ಪದವಿಲ್ಲ. 1940ರಲ್ಲೇ ರೂಪಾಯಿಯ ಬೆಳ್ಳಿ ಅರ್ಧಕ್ಕಿಳಿಯಿತು, 1947ರ ಹೊತ್ತಿಗೆ ರೂಪಾಯಿ ನಿಕ್ಕಲಿನದಾಯಿತು. ಇನ್ನು ಸುರುಳಿ ಕಟ್ಟುವ ಪದ್ಧತಿಯೂ ನಮ್ಮದಲ್ಲ. ಇಲ್ಲಿರುವುದು ಚೀಲ ಮತ್ತು ಪ್ಲಾಸ್ಟಿಕ್ ಪೊಟ್ಟಣ. ಗ್ರಾಹಕರಿಂದ 1 ಮತ್ತು 2 ರೂಪಾಯಿ ನಾಣ್ಯಗಳನ್ನು ತೂಕದ ಮೇಲೆ ಪಡೆಯುವುದು ಮೇಲು, ನೂರು ನೂರರ ಪೊಟ್ಟಣಗಳಲ್ಲಿ ಪಡೆದರೆ ಇಬ್ಬರಿಗೂ ಅನುಕೂಲ ಎಂದು ರಿಸರ್ವ್ ಬ್ಯಾಂಕು ತನ್ನ ಸುತ್ತೋಲೆಯಲ್ಲಿ ಬ್ಯಾಂಕುಗಳಿಗೆ ಹೇಳಿದೆ. ಕೌಂಟರಿನಲ್ಲಿ ನಾಣ್ಯ ವಿತರಿಸುವ ಬ್ಯಾಂಕುಗಳಿಗೆ ಚೀಲಕ್ಕೆ 25 ರೂಪಾಯಿ ಇದ್ದ ಪ್ರೋತ್ಸಾಹಧನವನ್ನು 2021ರ ಸೆಪ್ಟೆಂಬರಿನಿಂದ 65ಕ್ಕೆ ಏರಿಸಿತು. ಆದ್ದರಿಂದ ಬ್ಯಾಂಕಿಗೆ ಹೋಗಿ ನಾಣ್ಯ ಕೇಳುವವರು ಯಾವ ಸಂಕೋಚವನ್ನೂ ಪಡಬೇಕಾಗಿಲ್ಲ.

'ನವೀ' ಎಂದರೆ ಟಂಕಸಾಲೆಯಿಂದ ನೇರ ಬಂದ ಚೀಲದ ನಾಣ್ಯ. ಅದರಲ್ಲಿ ಒಂದೇ ಇಸವಿ, ಒಂದೇ ಟಂಕಸಾಲೆ, ಒಂದೇ ಹೊಳಪು. ವೈವಿಧ್ಯ ಹುಡುಕುವವರಿಗೆ ಅದು ಬೇಸರ ತರಬಹುದು. ಅಚ್ಚಿನ ದೋಷ ಹುಡುಕುವವರಿಗೆ ಮಾತ್ರ ಅದೇ ಹೊಲ: ಪಕ್ಕಕ್ಕೆ ಸರಿದ ಅಚ್ಚು, ಅಂಚು ತುಂಡಾದ ಬಿಲ್ಲೆ, ಬಿರುಕುಬಿಟ್ಟ ಅಚ್ಚಿನಿಂದ ಮೂಡಿದ ಉಬ್ಬುಗೆರೆ. 'ಜುನೀ' ಎಂದರೆ ಅಂಗಡಿಯ ಗಲ್ಲೆ, ದೇವಸ್ಥಾನದ ಹುಂಡಿ, ಹೋಟೆಲಿನ ಕೌಂಟರುಗಳನ್ನೆಲ್ಲ ಸುತ್ತಿ ಬ್ಯಾಂಕಿಗೆ ಮರಳಿದ್ದು. ಇವೆರಡನ್ನು ಒಂದೇ ಲೆಕ್ಕದಲ್ಲಿ ಸೇರಿಸಿ 'ಇಂಥ ನಾಣ್ಯ ಅಪರೂಪ' ಎಂದು ತೀರ್ಮಾನ ಕೊಡುವುದು ತಪ್ಪು. ಹೊಸ ಚೀಲದಲ್ಲಿ ಹೈದರಾಬಾದಿನ ಒಂದು ನಾಣ್ಯವೂ ಸಿಗಲಿಲ್ಲವೆಂದರೆ ಆ ಚೀಲ ಹೈದರಾಬಾದಿನದಲ್ಲ ಎಂದಷ್ಟೇ ಅರ್ಥ.

ಟಂಕಸಾಲೆಯ ಗುರುತು ಇಸವಿಯ ಕೆಳಗಿರುತ್ತದೆ. ಮುಂಬಯಿಯದು ವಜ್ರಾಕೃತಿ, ಹೈದರಾಬಾದಿನದು ನಕ್ಷತ್ರ, ನೊಯ್ಡಾದ್ದು ಚುಕ್ಕೆ, ಕೋಲ್ಕತ್ತಾಕ್ಕೆ ಗುರುತೇ ಇಲ್ಲ. ಹವ್ಯಾಸಿಗಳ ಪಟ್ಟಿಗಳಲ್ಲಿ ಒಂದು ತಪ್ಪು ನುಸುಳುವುದು ಇಲ್ಲೇ. ಕೈಯಿಂದ ಕೈಗೆ ಹೋಗಿ ನೊಯ್ಡಾದ ಚುಕ್ಕೆ ಸವೆದರೆ, ಇಲ್ಲವೇ ಹುಂಡಿಯ ಕುಂಕುಮ ಅದರ ಸುತ್ತ ಮೆತ್ತಿದರೆ, ನೋಡುವವರು ಅದನ್ನು 'ಗುರುತಿಲ್ಲ' ಎಂದು ಬರೆದು ಕೋಲ್ಕತ್ತಾದ ಲೆಕ್ಕಕ್ಕೆ ಹಾಕುತ್ತಾರೆ. ಇದಕ್ಕೆ ಪರಿಹಾರ ಸುಲಭ. ಮೆತ್ತಿದ್ದನ್ನು ನೆನೆಸಿ ಬಿಡಿಸಿ, ಹತ್ತು ಪಟ್ಟಿನ ಭೂತಗನ್ನಡಿಯಲ್ಲಿ ಬೆಳಕನ್ನು ಓರೆಯಾಗಿ ಬೀಳಿಸಿ ನೋಡಬೇಕು. ಆಗಲೂ ಅನುಮಾನ ಉಳಿದರೆ 'ಓದಲಾಗದ್ದು' ಎಂಬ ಬೇರೆ ಕಲಂ ಇರಬೇಕು. ಹೊರದೇಶದ ಗುರುತುಗಳೂ ಉಂಟು. 1985ರಲ್ಲಿ ನಾಣ್ಯದ ಕೊರತೆ ನೀಗಿಸಲು ವಿದೇಶಗಳಲ್ಲಿ ರೂಪಾಯಿ ಟಂಕಿಸಿದಾಗ ಬರ್ಮಿಂಗ್‌ಹ್ಯಾಮಿನ ಹೀಟನ್ ಟಂಕಸಾಲೆಯ ನಾಣ್ಯ ಇಸವಿಯ ಕೆಳಗೆ 'ಎಚ್' ಅಕ್ಷರ ಹೊತ್ತು ಬಂತು. ಮೊದಲ ಸಲ ನೋಡುವ ಕಣ್ಣಿಗೆ ಅದು ಗೀರಿನಂತೆಯೇ ಕಾಣುತ್ತದೆ.

ಇನ್ನು ತೂಕದ ಮಾತು. ಪೊಟ್ಟಣ ಬಿಚ್ಚದೆ ಒಳಗೇನಿದೆ ಎಂದು ಊಹಿಸಲು ಸಾಧ್ಯವೇ ಎಂದು ಲೆಕ್ಕ ಹಾಕಿ ನೋಡಿದೆ. 1992ರಿಂದ ಬಂದ ಉಕ್ಕಿನ ಒಂದು ರೂಪಾಯಿಯ ವ್ಯಾಸ 25 ಮಿ.ಮೀ., ತೂಕ ಸುಮಾರು 4.85 ಗ್ರಾಂ. 2011ರಲ್ಲಿ ₹ ಚಿಹ್ನೆಯೊಡನೆ ಬಂದದ್ದು 22 ಮಿ.ಮೀ.ಗೆ ತುಸು ಕಡಿಮೆ, 3.79 ಗ್ರಾಂ. ನೂರು ನಾಣ್ಯವೂ ಹಳೆಯವಾದರೆ ಪೊಟ್ಟಣ 485 ಗ್ರಾಂ, ನೂರೂ ಹೊಸವಾದರೆ 379 ಗ್ರಾಂ. ಎರಡು ಬೆರೆತಿದ್ದರೆ ಒಂದೊಂದು ಹಳೆಯ ನಾಣ್ಯಕ್ಕೂ 1.06 ಗ್ರಾಂ ಏರುತ್ತದೆ. ಪ್ಲಾಸ್ಟಿಕ್ಕಿನ ತೂಕ ಕಳೆದು 400 ಗ್ರಾಂ ಬಂದರೆ ಹಳೆಯವು 20ರ ಆಸುಪಾಸು. ಅಡಿಗೆಮನೆಯ ತಕ್ಕಡಿಯೇ ಸಾಕೆನಿಸುವಷ್ಟು ಚೊಕ್ಕ ಲೆಕ್ಕ.

ಆದರೆ ಈ ಲೆಕ್ಕ ಈಗ ನಡೆಯುವುದಿಲ್ಲ. 2019ರ ಮಾರ್ಚಿನಲ್ಲಿ ದೃಷ್ಟಿ ಇಲ್ಲದವರಿಗೂ ಗುರುತಿಸಲು ಅನುಕೂಲವಾಗುವ ಹೊಸ ಸರಣಿ ಬಿಡುಗಡೆಯಾಯಿತು. ಅದರ ಒಂದು ರೂಪಾಯಿ 20 ಮಿ.ಮೀ., 3.09 ಗ್ರಾಂ. ಒಂದು ಪೊಟ್ಟಣದಲ್ಲಿ ಮೂರು ತೂಕ ಸೇರಿದರೆ 400 ಗ್ರಾಂ ಎಂಬ ಒಂದೇ ಅಂಕಿಗೆ ಹಲವು ಉತ್ತರ ಹೊಂದುತ್ತವೆ: 20 ಹಳೆಯವು, 80 ನಡುವಿನವು ಎಂದರೂ ಸರಿ, 50 ಹಳೆಯವು, 4 ನಡುವಿನವು, 46 ಹೊಸವು ಎಂದರೂ ಸರಿ. ಸಾಲದ್ದಕ್ಕೆ 2011ರ ಎರಡು ರೂಪಾಯಿಯ ವ್ಯಾಸವೂ 25 ಮಿ.ಮೀ., ತೂಕವೂ 4.85 ಗ್ರಾಂ. ಹಳೆಯ ಒಂದು ರೂಪಾಯಿಗೂ ಅದಕ್ಕೂ ತಕ್ಕಡಿಯಲ್ಲಿ ಭೇದವಿಲ್ಲ, ಬೆರಳಿಗೂ ಭೇದವಿಲ್ಲ. ತೂಗಿ ಪಡೆದ ಒಂದು ರೂಪಾಯಿಯ ಪೊಟ್ಟಣದಲ್ಲಿ ಎರಡರ ನಾಣ್ಯ ನುಸುಳಿದರೆ ಅದು ಎಣಿಸಿದವರ ಅಜಾಗರೂಕತೆಯಲ್ಲ. ಸುತ್ತೋಲೆಯ ಸಲಹೆ ಒಂದು ಮುಖಬೆಲೆಗೆ ಒಂದೇ ತೂಕವಿದ್ದ ಕಾಲಕ್ಕೆ ಒಪ್ಪುವಂಥದ್ದು ಎಂಬುದು ನನ್ನ ಅಭಿಪ್ರಾಯ. ಹವ್ಯಾಸಿಗಂತೂ ಬಿಚ್ಚಿ, ಬಟ್ಟೆಯ ಮೇಲೆ ಹರಡಿ, ಮೊದಲು ವ್ಯಾಸದಿಂದ ಬೇರ್ಪಡಿಸುವುದು ಬಿಟ್ಟರೆ ಬೇರೆ ದಾರಿಯಿಲ್ಲ.

ಐದು ರೂಪಾಯಿಯ ಪೊಟ್ಟಣ ಲೋಹದ ಕಥೆ ಹೇಳುತ್ತದೆ. ತಾಮ್ರ-ನಿಕ್ಕಲಿನ ದಪ್ಪ ನಾಣ್ಯ 9 ಗ್ರಾಂ ಇತ್ತು. ಅದನ್ನು ಬಾಂಗ್ಲಾದೇಶಕ್ಕೆ ಕದ್ದು ಸಾಗಿಸಿ ಬ್ಲೇಡು ಮಾಡುತ್ತಾರೆಂಬ ವರದಿಗಳು ಪತ್ರಿಕೆಗಳಲ್ಲಿ ಬಂದವು. ಮುಂದೆ 2007ರಲ್ಲಿ ಉಕ್ಕಿನದು, 2009ರಿಂದ ಹಳದಿ ಛಾಯೆಯ ನಿಕ್ಕಲ್-ಹಿತ್ತಾಳೆಯದು ಚಲಾವಣೆಗೆ ಬಂದವು. ಈ ಪೊಟ್ಟಣದಲ್ಲಿ ನಾನು ಆಸೆಯಿಂದ ಹುಡುಕುವ ನಾಣ್ಯ ಎರಡು. ಒಂದು, 2006ರ ಮಹಾತ್ಮ ಬಸವೇಶ್ವರರದು. ಇನ್ನೊಂದು, 2007ರ ಲೋಕಮಾನ್ಯ ಟಿಳಕರದು. ಟಿಳಕರ ಕೇಸರಿವಾಡೆ ಇರುವ ಊರಿನಲ್ಲಿ ಟಿಳಕರ ನಾಣ್ಯವನ್ನು ಜನ ತೆಗೆದಿಟ್ಟುಕೊಳ್ಳುವುದು ಸಹಜ. ನಮ್ಮ ಕಡೆ ಬಸವಣ್ಣನವರ ನಾಣ್ಯವನ್ನು ಜಗಲಿಯ ಮೇಲಿಟ್ಟು ಪೂಜಿಸುವವರೂ ಉಂಟು. ಹೀಗೆ ಪ್ರೀತಿಯಿಂದ ಹಿಡಿದಿಟ್ಟ ನಾಣ್ಯ ಆ ಊರಿನ ಚಲಾವಣೆಯಲ್ಲಿ ಕಡಿಮೆಯಾಗುತ್ತದೆ. ಹಾಗಾಗಿ ಟಿಳಕರನ್ನು ಕಲಬುರಗಿಯಲ್ಲೂ ಬಸವಣ್ಣನವರನ್ನು ಪುಣೆಯಲ್ಲೂ ಹುಡುಕಬೇಕು ಎಂಬುದು ನನ್ನ ತರ್ಕ. ಹತ್ತು ರೂಪಾಯಿಯದರಲ್ಲಿ ವಿನ್ಯಾಸಗಳೇ ಹೆಚ್ಚು. ಜನ ಅದನ್ನು ತೆಗೆದುಕೊಳ್ಳಲು ಹಿಂಜರಿದಾಗ, ಅಲ್ಲಿಯವರೆಗೆ ಬಂದಿದ್ದ 14 ವಿನ್ಯಾಸಗಳೂ ಚಲಾವಣೆಗೆ ಯೋಗ್ಯವೆಂದು ರಿಸರ್ವ್ ಬ್ಯಾಂಕು 2018ರ ಜನವರಿಯಲ್ಲಿ ಸ್ಪಷ್ಟಪಡಿಸಬೇಕಾಯಿತು.

ನಾಣ್ಯದ ಗುರುತು ಓದುವ ವಿದ್ಯೆ ಪುಣೆಗೆ ಹೊಸತಲ್ಲ. ಪೇಶವೆಗಳ ಕಾಲದಲ್ಲಿ ಖಜಾನೆಗೆ ಬಂದ ನಾಣ್ಯವನ್ನು ಪರಿಶೀಲಿಸುವುದು ಪೋತದಾರನ ಉದ್ಯೋಗ. ಅಂಕುಶದ ಗುರುತಿನ ಪುಣೆಯ 'ಅಂಕುಶಿ' ರೂಪಾಯಿ ಬೇರೆ, ಚಾಂದವಡದ ರೂಪಾಯಿ ಬೇರೆ. ಒಂದನ್ನು ಕೊಟ್ಟು ಇನ್ನೊಂದನ್ನು ಪಡೆಯುವಾಗ ವಟ್ಟ ಕಳೆಯಬೇಕಿತ್ತು. ನಮ್ಮ ಬೆಳಗಾವಿ, ವಿಜಯಪುರದ ಕಡೆ ಪೋತದಾರ ಎಂಬ ಅಡ್ಡಹೆಸರು ಇಂದಿಗೂ ಮನೆಮಾತು. ಶಿವಾಜಿ ಮಹಾರಾಜರ ಚಿನ್ನದ 'ಹೊನ್' ನಮ್ಮ ಹೊನ್ನಿನಿಂದಲೇ ಹೆಸರು ಪಡೆದದ್ದು. ಅವರ ತಾಮ್ರದ ಶಿವರಾಯಿ ಇಂದು ಪುಣೆಯ ಜುನಾ ಬಾಜಾರಿನಲ್ಲಿ ಬುಧವಾರ, ಭಾನುವಾರ ನೆಲದ ಮೇಲೆ ಹಾಸಿದ ಬಟ್ಟೆಯಲ್ಲಿ ಸಿಕ್ಕೀತು. ಕೊಳ್ಳುವ ಮುನ್ನ ಒಂದು ಮುಖದಲ್ಲಿ 'ಶ್ರೀ ರಾಜಾ ಶಿವ', ಇನ್ನೊಂದರಲ್ಲಿ 'ಛತ್ರಪತಿ' ಎಂಬ ನಾಗರಿ ಬರಹವನ್ನು ಸಾವಕಾಶವಾಗಿ ಓದಬೇಕು. ನಕಲಿಗಳೂ ಅದೇ ಬಟ್ಟೆಯ ಮೇಲಿರುತ್ತವೆ.

ಬೆಲೆಯ ವಿಷಯದಲ್ಲಿ ಒಂದು ಎಚ್ಚರಿಕೆ. ವೈಷ್ಣೋದೇವಿಯ 5 ಮತ್ತು 10 ರೂಪಾಯಿ ನಾಣ್ಯಕ್ಕೆ ಲಕ್ಷ ಲಕ್ಷ ಸಿಗುತ್ತದೆಂಬ ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿದೆ. ಹಳೆಯ ನೋಟು, ನಾಣ್ಯ ಕೊಳ್ಳುತ್ತೇವೆಂದು ತನ್ನ ಹೆಸರು ಬಳಸಿ ಶುಲ್ಕ ಕೀಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕೇ 2021ರ ಆಗಸ್ಟಿನಲ್ಲಿ ಪ್ರಕಟಣೆ ಹೊರಡಿಸಿದೆ. ಬ್ಯಾಂಕಿನ ಪೊಟ್ಟಣದಲ್ಲಿ ಸಿಗುವ ಬಹುಪಾಲು ನಾಣ್ಯದ ಬೆಲೆ ಅದರ ಮುಖಬೆಲೆಯೇ. ನಿವೃತ್ತರ ಉಳಿತಾಯಕ್ಕೆ ಕೈಹಾಕುವ ಇಂಥ ಸುದ್ದಿಗಳನ್ನು ಹವ್ಯಾಸಿಗಳಾದ ನಾವೇ ಮುಂದೆ ನಿಂತು ತಡೆಯಬೇಕು.

ಪುಣೆಗೆ ಹತ್ತಿರದ ಟಂಕಸಾಲೆ ಮುಂಬಯಿಯದು. ಬೀದರ್, ಕಲಬುರಗಿಗೆ ಹತ್ತಿರದ್ದು ಹೈದರಾಬಾದಿನದು. ಈ ದೂರ ಚಿಲ್ಲರೆಯಲ್ಲೂ ಕಾಣುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ಹಲವು ಊರುಗಳ ಕೈ ಸೇರಬೇಕು. ಓದುಗರಲ್ಲಿ ನನ್ನ ಕೋರಿಕೆ: ಮುಂದಿನ ಸಲ ಪೊಟ್ಟಣ ತಂದಾಗ ಊರು, ತಾರೀಖು, 'ನವೀ'ಯೋ 'ಜುನೀ'ಯೋ ಎಂಬುದನ್ನು ಮೊದಲು ಬರೆಯಿರಿ. ವಜ್ರ, ನಕ್ಷತ್ರ, ಚುಕ್ಕೆ, ಗುರುತಿಲ್ಲದ್ದು, ಓದಲಾಗದ್ದು ಎಂದು ನೂರನ್ನೂ ಎಣಿಸಿರಿ, ಬೇಡದ ನಾಣ್ಯಗಳನ್ನೂ ಬಿಡಬೇಡಿ. ಎಣಿಸಿ ಮುಗಿದ ಮೇಲೆ ಉಳಿದ ಚಿಲ್ಲರೆಯನ್ನು ಹತ್ತಿರದ ಹೋಟೆಲಿನ ಗಲ್ಲೆಗೆ ಕೊಡಿ. ಬೆಳಗಿನ ಚಹಾದ ಹೊತ್ತಿಗೆ ಅಲ್ಲಿ ಅದು ಬೇಕಾಗಿರುತ್ತದೆ.